ಒಂದನೇ ಕ್ಲಾಸಿಗೆ ನಾಲ್ಕು ಗೋಡೆ

ಅಲ್ಲ ಗುಂಡಾ, ಗೋಡೆ ಎಲ್ಲಿ ಅಂತ ಕೇಳಿದ್ರೆ ಯಾಕೆ ನಗ್ತೀಯಾ? ಇಷ್ಟು ಚಂದದ ಮಾಡೆಲ್ ಮಾಡ್ಕೊಂಡು ಬಂದಿದ್ದೀಯ. ಸ್ಕೂಲಿಗೆ ಅಂಗಳ ಇದೆ, ಅಂಗಳದಲ್ಲಿ ಮರ ಇದೆ, ಮರದ ಸುತ್ತ ಕಟ್ಟೆ ಇದೆ... ಕ್ಲಾಸಿಗೆ ಗೋಡೆ ಮಾತ್ರ ಇಲ್ಲ. ಓ, ಈಗೆಲ್ಲಾ ಹೀಗೇನಾ? ಮೂರು ಕ್ಲಾಸೂ ಒಂದೇ ಹಾಲ್‌ನಲ್ಲಿ, ಮಧ್ಯೆ ಗಿಡ್ಡ ಗಿಡ್ಡ ಪುಸ್ತಕದ ಕಪಾಟು. ಆಯ್ತಪ್ಪಾ, ದೊಡ್ಡ ಆರ್ಕಿಟೆಕ್ಟ್ ನೀನು. ಆದ್ರೆ ನಿನ್ನ ಕೈ ಹಿಡಿದು ಅ ಆ ತಿದ್ದಿಸಿದವಳು ನಾನು. ನನ್ನ ಒಂದನೇ ಕ್ಲಾಸಿಗೆ ನಾಲ್ಕು ಗೋಡೆ, ಒಂದು ಬಾಗಿಲು ಹಾಕಿಕೊಡು.

ಯಾಕಾ? ಒಂದು ಮಗು ಅಮ್ಮಾ ಅಂತ ರಾಗ ಎಳೆದ್ರೆ ಮೂರು ಕ್ಲಾಸೂ ಅಳುತ್ತೆ, ಅದಕ್ಕೆ. ಪಕ್ಕದವರು ಪದ್ಯ ಶುರು ಮಾಡಿದ್ರೆ ನಮ್ಮವರ ಕೂಡೋ ಲೆಕ್ಕ ಅಲ್ಲಿಗೇ ಮುಗೀತು. ...ಏನು, ಚಾವಣಿ ಸದ್ದು ಹೀರ್ಕೊಳ್ಳುತ್ತಾ? ಒಳ್ಳೇ ಚಾವಣಿ. ಪಕ್ಕದವರ ಸದ್ದು ಯಾವುದು, ನಮ್ಮದು ಯಾವುದು ಅಂತ ಅದಕ್ಕೆ ಯಾರು ಹೇಳಿಕೊಡ್ತಾರೆ?

ತಮಾಷೆ ಸಾಕು, ಕೇಳು. ಹೊಸ ಹಾಲ್‌ನಲ್ಲಿ ಸುಧಾರಿಸೋಕೆ ಆಗದವರನ್ನ ಆಫೀಸಿಗೆ ಹಾಕ್ತೀನಿ ಅಂದಿದ್ದಾರೆ ಹೆಡ್‌ಮಾಸ್ಟರ್. ನಾನು ಅಲ್ಲಿ ಕೂತು ಸೀಮೆಸುಣ್ಣ ಹಂಚ್ಕೊಂಡಿರ್ಲಾ? ಮಕ್ಕಳಿಲ್ಲದ ಕಡೆ ನನಗೆ ಒಂದು ದಿನಾನೂ ಆಗಲ್ಲ ಕಣೋ. ಚಿಕ್ಕ ರೂಮಾದ್ರೆ ಎಲ್ಲಾ ಎದುರಿಗೇ ಕೂತಿರ್ತವೆ, ಮುಖ ನೋಡ್ಕೊಂಡು ಪಾಠ ಮಾಡ್ತೀನಿ. ಕೈ ಎತ್ತದೆ ಯಾರೂ ಬಾಯಿ ಬಿಡೋ ಹಾಗಿಲ್ಲ, ಅದು ನನ್ನ ರೂಲು. ಶಿಸ್ತಪ್ಪಾ, ಶಿಸ್ತು. ಹಾಗೆಲ್ಲಾ ಹುಬ್ಬು ಹಾರಿಸ್ಬೇಡ.

ಹಾಂ, ಹಾಕು ಆ ನಕ್ಷೆನ ಬೋರ್ಡಿಗೆ. ಪಿನ್ನು ಅಲ್ಲೇ ಇದೆ ನೋಡು. ಅಂಗಳದ ಕಡೆ ಮೂಲೇಲಿ ಒಂದು ರೂಮು ಬರಲ್ವಾ? ಬೇಕಾದ್ರೆ ಕಿಟಕಿ ದೊಡ್ಡದೇ ಇಡು... ಬರುತ್ತೋ ಇಲ್ವೋ? ...ನಿನ್ನನ್ನೇ ಕೇಳ್ತಿರೋದು. ...ಮುನಿಸ್ಕೊಂಡ್ಯಾ? ಬಾಗಿಲು ಬೇಡ ಅಂದ್ರೆ ಬಿಡು, ಗೋಡೆ ಆದ್ರೂ ಹಾಕು... ಏನು ಬಿಗುಮಾನಾನಪ್ಪಾ. ಹೀಗೆ ಬೆನ್ನು ತಿರುಗಿಸಿ ಸುಮ್ಮನೆ ನಿಂತುಬಿಟ್ರೆ ನಾನು ಏನಂತ ತಿಳ್ಕೊಳ್ಳಲಿ?

ಸದ್ಯ, ಈ ಕಡೆ ತಿರುಗಿದೆಯಲ್ಲ. ಯಾಕೆ ಹಾಗೆ ನೋಡ್ತೀಯಾ?

...ಮಾತಾಡ್ತಾನೇ ಇದ್ದ್ಯಾ? ಆಗಿನಿಂದಾನೂ?

...ಹೆಡ್‌ಮಾಸ್ಟರಿಗೆ ಹೇಳ್ಬೇಡ ಗುಂಡಾ. ನನ್ನ ಕಿವಿ ಹೋಗ್ತಾ ಇದೆ ಅಂತ ಅವರಿಗೆ ಗೊತ್ತಿಲ್ಲ. ಮಕ್ಕಳಿಗೆ ಗೊತ್ತು. ಹತ್ತಿರ ಬಂದು, ನನ್ನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸ್ಕೊಂಡು ಮಾತಾಡ್ತವೆ.

ನೀನೂ ನನ್ನ ಮುಖ ನೋಡ್ಕೊಂಡು ಇನ್ನೊಂದು ಸಲ ಹೇಳು. ಒಂದು ರೂಮು ಬರುತ್ತಾ?