ಗಾಳಿ ಬೀಸುವ ಕಡೆಯ ಮನೆ

ಬಸ್ಸು ಎಷ್ಟು ತಡವೆಂದರೆ, ಕಾಯುತ್ತಾ ಕೂತ ಮುದುಕಿಯ ತಲೆ ಇನ್ನೊಂದು ಸಲ ನರೆಯುವಂತಿತ್ತು. ಅದೇ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಅವನ ಅಂಗಿಯ ಮೇಲೆ ಬ್ಯಾಟರಿ ಯಾರ್ಡಿನ ಅಗ್ನಿಸುರಕ್ಷತೆಯ ಬಿಲ್ಲೆ, ಊರಿಗೆ ಹೊರಟ ಅವಳ ಕಾಲ ಬಳಿ ಚೀಲ. ಮುದುಕಿ ಕಣ್ಣು ಮುಚ್ಚಿ ಕಿವಿ ತೆರೆದಿಟ್ಟಳು.

“ಯಾರ್ಡ್ ಪಕ್ಕ ನಮ್ಮ ಕ್ವಾರ್ಟರ್ಸ್ ಗೋಡೆ ಎದ್ದಿತ್ತಲ್ರೀ. ಅಲ್ಲಿ ಮನೆ ಬೇಡ ಅಂದೋರು ಯಾರು?”

“ನಾನೇ.”

“ನೀವಾ!”

“ಯಾರ್ಡಲ್ಲಿರೋದು ಕರೆಂಟು ಕೂಡಿಡೋ, ಲಾರಿಯಷ್ಟು ದೊಡ್ಡ ಬ್ಯಾಟರಿ ಪೆಟ್ಟಿಗೆ ಕಣೆ. ಒಂದಕ್ಕೆ ಬೆಂಕಿ ಹತ್ತಿದ್ರೆ ಉರಿದು ಮುಗೀಲಿ ಅಂತ ಬಿಡ್ತೀವಿ. ಅಕ್ಕಪಕ್ಕದವಕ್ಕೆ ನೀರು ಹೊಡೀತೀವಿ, ಅಷ್ಟೇ. ಹೊಗೆಯೆಲ್ಲ ವಿಷ.”

“ಅದು ನಮ್ಮನೆಗೇ ಬರಬೇಕಾ?”

“ಗಾಳಿ ಹೆಚ್ಚಾಗಿ ಆ ಕಡೆಗೇ ಬೀಸುತ್ತೆ. ನಕ್ಷೆ ಹಾಕ್ದೋರು ಅದನ್ನ ನೋಡಿರ್ಲಿಲ್ಲ.”

“ನೀವೂ ನೋಡದೆ ಇರಬಹುದಿತ್ತು.”

“ನೋಡಿಬಿಟ್ನಲ್ಲ.”

ಎದ್ದು ಅವನ ಕಿವಿ ಹಿಂಡೋಣವೇ ಎನಿಸಿತು ಮುದುಕಿಗೆ.

“ನಾವು ಒಟ್ಟಿಗಿರೋದು ಯಾವಾಗ?”

“ಬೇರೆ ಕಡೆ ಕಟ್ತಾರಂತೆ. ಇನ್ನೊಂದು ವರ್ಷ ಆಗ್ಬಹುದು.”

“ಗಾಳಿಗೊಂದು ಮಾತು ಹೇಳೋಕಾಗಲ್ವಾ? ನನ್ನ ಹೆಂಡ್ತಿ ಬರ್ತಾಳೆ, ಸ್ವಲ್ಪ ಪಕ್ಕಕ್ಕೆ ಹೋಗು ಅಂತ?”

“ಹೇಳ್ದೆ. ಅದೂ ನಿನ್ನ ಹಾಗೇ ಹಟಮಾರಿ.”

ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ತಿರುಗಿದಳು.

“ನೀವೂ ಹತ್ರೀ. ಮುಂದಿನ ಸ್ಟಾಪಲ್ಲಿ ಇಳಿದುಬಿಡಿ.”

“ಡ್ಯೂಟಿ ಇದೆ ಕಣೆ.”

“ಒಂದೇ ಒಂದು ಸ್ಟಾಪು, ರೀ.”

ಅವನು ಅತ್ತಿತ್ತ ನೋಡಿ ಹತ್ತಿಯೇಬಿಟ್ಟ. ಆ ಮುಂದಿನ ಸ್ಟಾಪು ಭೂಮಿಯ ಆ ತುದಿಯಲ್ಲಿರಲಪ್ಪ ಎಂದುಕೊಂಡಳು ಮುದುಕಿ.