ಆರನೆಯ ಕಟ್ಟು

ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಪ್ರಾಚಾರ್ಯರಾದ ಗುರುಸಂಗಪ್ಪನವರೇ, ಸಹೋದ್ಯೋಗಿ ಮಿತ್ರರೇ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಿಂದ ಬಸ್ಸು ಹತ್ತಿ ಬಂದ ನನ್ನ ಹಳೆಯ ವಿದ್ಯಾರ್ಥಿಗಳೇ, ಒಗ್ಗರಣೆಯ ವಾಸನೆ ಮೂಗಿಗೆ ಬಡಿದರೂ ಎದ್ದು ಹೋಗದ ಸಹನಶೀಲ ಸಭಿಕರೇ,

ಇಂದು ನನಗೆ ನಿವೃತ್ತಿ. ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಈ ಮರುಳಪ್ಪನಲ್ಲಿ ಇಲ್ಲದ ಗುಣಗಳನ್ನೆಲ್ಲ ಹೇಳಿದಿರಿ. ಕೇಳಲು ಹಿತವಾಗಿತ್ತು, ಸುಳ್ಳೇಕೆ ಹೇಳಲಿ? ಆದರೆ ಒಂದನ್ನು ಯಾರೂ ಹೇಳಲಿಲ್ಲ. ಹಾಗಾಗಿ ನಾನೇ ಹೇಳಿಕೊಳ್ಳುತ್ತೇನೆ. ಈ ಸೀಮೆಯ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಕಾದಂಬರಿ ಓದಿಸಿದವನು ಯಾರು? ನಾನು!

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಐಚ್ಛಿಕ ಕನ್ನಡ ಬೇಕೆಂದು ಬರುವವರಿಗೆ ನಾನೊಂದು ನಿಯಮ ಮಾಡಿದ್ದೆ. ರಜೆಯಲ್ಲಿ ನಾನು ಕೊಟ್ಟ ಕಾದಂಬರಿ ಓದಬೇಕು, ಅನಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ತರಬೇಕು, ಆಮೇಲೆ ಸೀಟು. "ಸಾಹಿತ್ಯ ಅಂದರೆ ಪುಕ್ಕಟೆ ಪ್ರಸಾದವಲ್ಲ" ಎನ್ನುತ್ತಿದ್ದೆ.

ತೊಂಬತ್ತೇಳರ ಬೇಸಿಗೆಯಲ್ಲಿ ಆರು ಮಂದಿ ಬಂದರು. ಕಾದಂಬರಿಯ ಪ್ರತಿ ಇದ್ದದ್ದು ಒಂದೇ. ಏನು ಮಾಡುವುದು? ಪುಸ್ತಕದ ಬೆನ್ನು ಬಿಚ್ಚಿ ಆರು ಕಟ್ಟು ಮಾಡಿದೆ. ವಾರಕ್ಕೆ ಒಬ್ಬರಿಗೆ ಒಂದು ಕಟ್ಟು. ಭಾನುವಾರ ಎಲ್ಲ ಕಟ್ಟುಗಳೂ ಬಸ್ಸಿನಲ್ಲಿ ನನ್ನ ಮನೆಗೆ ಬರಬೇಕು, ಸೋಮವಾರ ಬೇರೆಯವರಿಗೆ ಹೋಗಬೇಕು. ಒಯ್ದು ತರುವ ಹೊಣೆ ಕಂಡಕ್ಟರ್ ಗಾದೆಪ್ಪನವರದು. ಹಿರೇಹಡಗಲಿಯ ಹುಡುಗನಿಗೆ ಮೊದಲು ಸಿಕ್ಕಿದ್ದೇ ಕೊನೆಯ ಕಟ್ಟು. ಪಾಪ, ಅವನು ಮೊದಲು ಸಾವು ಓದಿದ, ಆಮೇಲೆ ಹುಟ್ಟು. ನಗಬೇಡಿ, ಆ ವರ್ಷ ಆರು ಮಂದಿಯೂ ಓದಿದರು.

ಅಲ್ಲ, ಐದು ಮಂದಿ ಎಂದು ನಾನು ತಿಳಿದಿದ್ದೆ. ಆರನೆಯವಳು ಕೊಟ್ಟೂರು ದಾರಿಯ ಹಳ್ಳಿಯ ದುರ್ಗಾ.

ಆ ಕಾದಂಬರಿಯಲ್ಲಿ ಒಬ್ಬ ಅಕ್ಕ. ಹೆತ್ತವರಿಲ್ಲದ ತಮ್ಮನನ್ನು ಸಾಕಿ ಬೆಳೆಸುತ್ತಾಳೆ. ಅವನು ಮದುವೆಯಾದ ಮೇಲೆ ಅವಳನ್ನೇ ಮನೆಯಿಂದ ಹೊರಗೆ ಹಾಕುತ್ತಾನೆ. ಕೊನೆಗೆ ಅವಳು ತಮ್ಮನನ್ನು ಕ್ಷಮಿಸಿ, ಅದೇ ಮನೆಯ ಹೊಸ್ತಿಲ ಮೇಲೆ ಪ್ರಾಣ ಬಿಡುತ್ತಾಳೆ. ದುರ್ಗಾ ಏನು ಬರೆದಿದ್ದಳು ಗೊತ್ತೇ? ಅಕ್ಕ ಬಂದು, ಮನೆಯಲ್ಲಿ ಅರ್ಧ ಪಾಲು ಕೇಳಿ, ನಡುವೆ ಗೋಡೆ ಎಬ್ಬಿಸಿ, ತನ್ನ ಒಲೆ ತಾನು ಹೂಡಿದಳು ಎಂದು! ನನಗೆ ಸಿಟ್ಟು ನೆತ್ತಿಗೇರಿತು. ಕೆಂಪು ಶಾಯಿಯಲ್ಲಿ "ಈಕೆ ಓದಿಲ್ಲ. ಸೀಟು ಇಲ್ಲ" ಎಂದು ಬರೆದು ಕಳಿಸಿದೆ.

ಮರುದಿನ ಅವಳ ತಾಯಿ ಎರ್ರೆಮ್ಮ ಸ್ಟಾಫ್ ರೂಮಿಗೇ ಬಂದರು. ಕೈಗೆಲ್ಲ ಹುಣಸೆಹಣ್ಣಿನ ಅಂಟು.

"ನನ್ ಮಗಳು ಓದಿಲ್ಲಂತ ಯಾರ್ರಿ ಬರ್ದೋರು?"

"ನಾನೇ, ಅಮ್ಮ."

"ದಿನಾ ನಾವು ಹುಣಸೆಹಣ್ಣು ಬಿಡಿಸೋ ಕಡಿ ಕುಂತು ಓದ್ಯಾಳ ಅಕಿ. ಹದಿಮೂರು ಹೆಣ್ಮಕ್ಕಳು ಕೇಳೀವಿ. ಕೇಳ್ರಿ, ಹೇಳ್ತೀನಿ."

ಸಭಿಕರೇ, ಅಕ್ಷರ ಬಾರದ ಆ ತಾಯಿ ನಿಂತ ನಿಲುವಿನಲ್ಲೇ ಐದು ಕಟ್ಟುಗಳ ಕತೆಯನ್ನು ಒಂದು ಕೊಂಡಿಯೂ ತಪ್ಪದಂತೆ ಹೇಳಿದರು. ತಮ್ಮನ ಹೆಂಡತಿ ಆಡಿದ ಮಾತುಗಳನ್ನು ಅವಳ ದನಿಯಲ್ಲೇ ಆಡಿದರು. ನನ್ನ ಇಪ್ಪತ್ತು ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ಹಾಗೆ ಹೇಳಿರಲಿಲ್ಲ. ಕೊನೆಗೆ ಕೇಳಿದರು: "ಆರನೇ ಕಟ್ಟು ನಮಗ ಬರಲೇ ಇಲ್ಲ. ಎಲ್ಲೈತ್ರಿ ಅದು? ಕಾದು ಕಾದು ಸಾಕಾಗಿ, ನಾವ ಕುಂತು ಮುಂದಿಂದು ಕಟ್ಟಿದ್ವಿ."

ನಾನು ಗಾದೆಪ್ಪನವರನ್ನು ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ಬೈದೆ. "ನೀವು ಕೊಟ್ಟಿದ್ದ ಐದ್ರಿ ಸಾರ್" ಎಂದರು ಅವರು. ನಾನು ನಂಬಲಿಲ್ಲ.

ಈಗ ಮುಂದಿನ ಸಾಲಿನಲ್ಲಿ ನಮ್ಮ ಮನೆಯವರು ದಾಕ್ಷಾಯಣಮ್ಮ ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಾರೆ. ಇರಲಿ, ಇನ್ನು ಯಾರ ಅಂಜಿಕೆ? ಆ ಸಂಜೆ ಕಟ್ಟು ಸಿಕ್ಕಿದ್ದು ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿ. ನನಗೆ ತಿಳಿಯದಂತೆ ಇವರು ಪ್ರತಿ ಭಾನುವಾರ ಒಂದೊಂದು ಕಟ್ಟು ಓದುತ್ತ ಬಂದಿದ್ದರು. ಆ ಭಾನುವಾರ ನೆಂಟರು ಬಂದು ಕೊನೆಯದು ಉಳಿದುಹೋಯಿತು. ಸೋಮವಾರ ನಾನು ಎಣಿಸಿ ನೋಡದೆ ಕೊಟ್ಟೆ. ಗದರಿಸಿದೆನಾ? ಗದರಿಸಿದೆ. ಅದಕ್ಕೆ ಇವರು, "ಊರ ಮಕ್ಕಳಿಗೆಲ್ಲಾ ಓದ್ರಿ ಓದ್ರಿ ಅಂತೀರಿ. ಮದಿವಿ ಆಗಿ ಹದಿನೆಂಟು ವರ್ಷಾತು, ನನಗ ಒಂದಿನಾ ಓದು ಅಂದೀರೇನು?" ಎಂದರು. ಗಾದೆಪ್ಪನವರೇ, ಹಿಂದಿನ ಸಾಲಿನಲ್ಲಿದ್ದೀರಿ, ಒಂಬತ್ತು ವರ್ಷ ತಡವಾಯಿತು. ತಪ್ಪು ನನ್ನದು, ಕ್ಷಮಿಸಿ.

ಮರುದಿನ ಕಟ್ಟು ಹಿಡಿದು ನಾನೇ ಆ ಹಳ್ಳಿಗೆ ಹೋದೆ. ಹುಣಸೆಹಣ್ಣಿನ ರಾಶಿಯ ನಡುವೆ ನನಗೊಂದು ಗೋಣಿಚೀಲ ಹಾಸಿದರು. ದುರ್ಗಾ ತಾಯಿಯ ಹಿಂದೆ ಕೂತಿದ್ದಳು, ನನ್ನ ಮುಖ ನೋಡಲೇ ಇಲ್ಲ. ನಾನು ಕಂಚಿನ ಕಂಠದಲ್ಲಿ ಓದಿದೆ. ಅಕ್ಕ ಹೊಸ್ತಿಲ ಮೇಲೆ ಪ್ರಾಣ ಬಿಟ್ಟಳು. ಈಗ ಇವರೆಲ್ಲ ಅಳುತ್ತಾರೆ ಎಂದು ತಲೆಯೆತ್ತಿದರೆ ಒಬ್ಬರ ಕಣ್ಣಲ್ಲೂ ನೀರಿಲ್ಲ.

"ಇದ ಸುಳ್ಳು ಬಿಡ್ರಿ" ಎಂದರು ಎರ್ರೆಮ್ಮ. "ಅಕಿ ಸಾಯೋ ಹೆಣ್ಣಲ್ಲ. ಐದು ಕಟ್ಟು ಅಕಿ ಕೂಡ ಬಾಳೇವಿ ನಾವು, ನಮಗ ಗೊತ್ತಿಲ್ಲೇನು? ಬರ್ದೋನಿಗೆ ಅಕಿನ್ನ ಎಲ್ಲಿ ಇಡಬೇಕಂತ ತಿಳಿದಿಲ್ಲ, ಕೊಂದಾನ."

ದುರುಗಮ್ಮ ಎಂಬ ಮುದುಕಿ, "ನಮ್ಮದ ಚಲೋ ಇತ್ತು" ಎಂದಳು.

ಹೌದು, ಅವರದೇ ಚೆನ್ನಾಗಿತ್ತು. ಆ ಕಾದಂಬರಿಯನ್ನು ಹನ್ನೊಂದು ಸಲ ಪಾಠ ಹೇಳಿದ ನನಗೆ ಅದು ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ದುರ್ಗಾಳ ನೋಟ್‌ಬುಕ್ಕು ಇಸಿದುಕೊಂಡು ನನ್ನ ಕೆಂಪು ಅಕ್ಷರಗಳನ್ನು ಹೊಡೆದುಹಾಕಿ, ಕೆಳಗೆ ಬರೆದೆ.

"ಏನ್ ಬರದ್ರಿ?" ಎಂದರು ಎರ್ರೆಮ್ಮ.

"ದುರ್ಗಾ ಚೆನ್ನಾಗಿ ಓದಿದ್ದಾಳೆ, ಸೀಟು ಕೊಡಬೇಕು ಅಂತ."

"ಒಬ್ಬಾಕಿ ಹೆಸರಷ್ಟ ಯಾಕ್ರಿ? ಓದಿದ್ದು ನಾವೆಲ್ಲಾ. ನಮ್ಮ ಹೆಸರೂ ಬರೀರಿ."

ಬರೆದೆ ಸಭಿಕರೇ. ಎರ್ರೆಮ್ಮ, ದುರುಗಮ್ಮ, ನಾಗಲಿಂಗಮ್ಮ... ಒಬ್ಬೊಬ್ಬರೂ ಎದ್ದು ಬಂದು ಹೆಸರು ಹೇಳಿದರು. ಅಕ್ಷರದಲ್ಲಿ ತಮ್ಮ ಹೆಸರು ಹೇಗೆ ಕಾಣುತ್ತದೆಂದು ಬಗ್ಗಿ ನೋಡಿದರು. ಮರುದಿನ ಆ ಪುಟ ನೋಡಿ ನಮ್ಮ ಗುರುಸಂಗಪ್ಪನವರು, "ಇಷ್ಟು ಸೀಟು ಎಲ್ಲಿಂದ ತರಲ್ರೀ?" ಎಂದು ಗಾಬರಿಯಾದರು.

ನನ್ನ ಕೈಯಿಂದ ನೂರಾರು ಮಕ್ಕಳು ಪಾಸಾಗಿದ್ದಾರೆ. ದುರ್ಗಾ ಇಂದು ಹರಪನಹಳ್ಳಿಯಲ್ಲಿ ಕನ್ನಡ ಕಲಿಸುತ್ತಾಳೆ. ನಾಳೆಯಿಂದ ಯಾರಾದರೂ "ಮರುಳಪ್ಪನ ಬಳಿ ಓದಿದವರು ಯಾರು?" ಎಂದು ಕೇಳಿದರೆ ದಯವಿಟ್ಟು ದುರ್ಗಾಳ ಜೊತೆಗೆ ಆ ಹದಿಮೂರು ಮಂದಿಯನ್ನೂ ಸೇರಿಸಿ ಹೇಳಿ. ಅಷ್ಟು ಹೇಳಿದರೆ ಈ ಶಾಲು ನನಗೆ ಒಪ್ಪುತ್ತದೆ.

ಇಷ್ಟು ಹೊತ್ತು ಹಸಿವು ತಡೆದು ಕೇಳಿದಿರಿ, ನಿಮಗೆಲ್ಲ ನಾನು ಋಣಿ. ನಮಸ್ಕಾರ.