ಸಿದ್ದೇಶನ ರಜ

ನಗ್ತೀರಾ? ನಗಿ ಸಾ, ನಗಿ! ಲಂಚದ ಕೇಸಲ್ಲಿ ಕಂಬಿ ಒಳಗೆ ಕುಂತ್ರೂ ಜೈಲು ಸೂಪರಿಂಟೆಂಡೆಂಟ್ ಈಶ್ವರಯ್ಯೋರ ನಗು ಮಾತ್ರ ಅಂಗೇ ಐತೆ!

ನೀನ್ಯಾರು ಅಂತ್ಲಾ? ಶಾಂತರಾಜು ಸಾ! ನಿಮ್ಮ ಕ್ವಾರ್ಟರ್ಸಲ್ಲಿ ನಾಯಿ ಮೈ ತೊಳೀತಿದ್ದ ವಾರ್ಡರ್ರು. ಈಗ ವಾರ್ಡರ್‌ಗಳ ಸಂಘದ ಅಧ್ಯಕ್ಷ! ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ... ಎಲ್ಲಿ ಯಾವ ವಾರ್ಡರ್‌ಗೆ ಕಷ್ಟ ಬಂದ್ರೂ ಮೊದ್ಲು ನಂಗೇ ಫೋನು.

ನನ್ನ ಲೀಡರ್ ಮಾಡಿದ್ಯಾರು ಗೊತ್ತಾ? ನೀವೇ! ಗೊರೂರಿನ ವಾರ್ಡರ್ ಸಿದ್ದೇಶ ನೆಪ್ಪವ್ನಾ? ‘ಅವ್ವ ಸತ್ತೋಗವ್ಳೆ, ಒಂದಿನ ರಜ ಕೊಡಿ ಸಾ’ ಅಂತ ಕಾಲು ಹಿಡ್ಕಂಡ. ನೀವೇನಂದ್ರಿ? ‘ಸತ್ತೋಳೇನು ಎದ್ದು ಬತ್ತಾಳಾ? ಓಗು, ಗೇಟು ಕಾಯೋಗು!’

ಕಾದ ಸಾ. ಗೇಟಿಗೆ ಹಣೆ ಒತ್ಕಂಡು ಗೊಳೋ ಅಂತ ಅತ್ತ. ಅಲ್ಲಿ ಅವರವ್ವ ಮಣ್ಣಾದ್ಲು. ಅವತ್ತು ನಾವ್ಯಾರೂ ಮೆಸ್ಸಲ್ಲಿ ಊಟ ಮುಟ್ಲಿಲ್ಲ. ಮುಟ್ಬ್ಯಾಡಿ ಅಂದೋನು ನಾನು! ಸಂಘ ಹುಟ್ಟಿದ್ದೇ ಆ ಹಸಿವಲ್ಲಿ. ನನ್ನ ಬೀದರಿಗೆ ಎತ್ತಾಕಿದ್ರಿ. ಗಂಟು ಕಟ್ಕಂಡು ಓದೆ. ಅಲ್ಲೂ ಸಂಘ ಕಟ್ಟಿದೆ!

ಟೀ ಕುಡೀರಿ, ಆರೋಯ್ತದೆ. ಅಯ್ಯೋ, ವಿಷ ಆಕಿಲ್ಲ ಕಣ್ರೀ! ನಿಮ್ಮನೇಲಿ ನನ್ನ ಮನ್ಷ ಅಂತ ಕಂಡೋರು ನಿಮ್ಮವ್ವ ಒಬ್ರೇ. ‘ಉಂಡ್ಯೇನಪ್ಪಾ’ ಅಂತ ಕೇಳೋರು. ನೀವು ಆಪೀಸಿಗೋದ್ಮೇಲೆ ಕದ್ದು ಮುದ್ದೆ ಇಕ್ಕೋರು. ಒಳ್ಳೇ ಜೀವವಾಗಿತ್ತು ಸಾ ಅದು...

ಏನು? ಯಾಕಂಗೆ ನೋಡ್ತೀರಿ? ‘ಆಗಿತ್ತು’ ಅಂದ್ನಾ? ಮಾತಿಗಂದೆ ಬಿಡಿ. ಅರಕಲಗೂಡಲ್ಲಿ ಚೆನ್ನಾಗೇ... ಚೆನ್ನಾಗವ್ರೆ...

ಕೇಳ್ರೀ! ಬಾಯಿ ಬಿಟ್ಟು ಕೇಳ್ರೀ! ಸಿದ್ದೇಶನಂಗೆ ಗೋಗರೀಬೇಕು ನೀವು, ಆಮೇಲೆ ಹೇಳ್ಬೇಕು ಅಂತ ಬೆಳಗ್ಗಿಂದ... ಊಂ, ಬೆಳಗ್ಗೇನೇ ಅರಕಲಗೂಡಿಂದ ಜೈಲಿಗೆ ಫೋನ್ ಬಂತು. ಎತ್ತಿದೋನು ನಾನೇ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಕೋರ್ಟಿಂದ ಪರ್ಮಿಷನ್ ಸಿಗ್ತಿತ್ತು, ಪೊಲೀಸ್ ಗಾಡೀಲಿ ಓಗಿ ಮುಖ ನೋಡ್ಬೋದಿತ್ತು. ಈಗ ಮಣ್ಣು ಮಾಡಿ ಎಲ್ರೂ ಮನೆ ಸೇರಿರ್ತಾರೆ.

ಬಯ್ರಿ ಸಾ... ನಾಯಿ ಅನ್ನಿ... ಒಂದು ಮಾತಾದ್ರೂ ಬಯ್ರಿ!

ನಂಗೂ ಓಗ್ಬೇಕಿತ್ತು ಸಾ, ಮಣ್ಣಿಗೆ.